ವಿಸ್ಕಿ ವಿಸ್ಕಿಗೂ ಏನು ವ್ಯತ್ಯಾಸ? ಪಕ್ಕಪಕ್ಕ ಇಟ್ಟು ನೋಡುವ ಬಗೆ

ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು: "ಸ್ಕಾಚ್, ಬರ್ಬನ್, ಸಿಂಗಲ್ ಮಾಲ್ಟ್ ಅಂತೆಲ್ಲ ಹೇಳ್ತಾರೆ. ನನಗೆ ಎಲ್ಲಾ ಒಂದೇ ಥರ ಗಂಟಲು ಉರಿಯುತ್ತೆ. ವ್ಯತ್ಯಾಸ ಗೊತ್ತಾಗೋದು ಹೇಗೆ?" ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯವರು ಇನ್ನೊಂದನ್ನೂ ಸೇರಿಸುತ್ತಾರೆ: "ನಮ್ಮೂರಲ್ಲಿ ಅಷ್ಟೆಲ್ಲ ಬ್ರ್ಯಾಂಡ್ ಸಿಗಲ್ಲ, ಏನ್ ಮಾಡೋದು?"

ಒಂದೊಂದೇ ಕುಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಈ ತಿಂಗಳು ಒಂದು, ಮುಂದಿನ ತಿಂಗಳು ಇನ್ನೊಂದು ಕುಡಿದರೆ ಮೂಗಿಗೆ ಹಳೆಯದು ನೆನಪಿರುವುದಿಲ್ಲ. ಎರಡು ಗ್ಲಾಸ್ ಪಕ್ಕಪಕ್ಕ ಇರಬೇಕು. ಆ ಎರಡರ ನಡುವೆ ಆದಷ್ಟು ಒಂದೇ ಒಂದು ವ್ಯತ್ಯಾಸ ಇರಬೇಕು. ಹೀಗೆ ಮಾಡಿದರೆ ನಾಲ್ಕೈದು ಬಾಟಲಿ ಸಾಕು, ನಲವತ್ತು ಬೇಕಾಗಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕುಡಿಯದವರು ಶುರು ಮಾಡಲಿ ಅಂತ ಬರೆದದ್ದಲ್ಲ ಇದು. ಕರ್ನಾಟಕದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ಗರ್ಭಿಣಿಯರು, ಲಿವರ್ ತೊಂದರೆ ಇರುವವರು, ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದನ್ನು ಮಾಡಬೇಡಿ. ಇಷ್ಟು ಕುಡಿದರೆ ಅಪಾಯವಿಲ್ಲ ಅನ್ನುವ ಅಳತೆಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದ್ದರಿಂದ ಇಲ್ಲಿ ಹೇಳುವ ಅಳತೆಗಳೆಲ್ಲ ಚಿಕ್ಕವು.

ಹಂತ 1: ಯಾವುದಕ್ಕೆ ಏನಂತಾರೆ

ಧಾನ್ಯವನ್ನು ಹುದುಗಿಸಿ, ಭಟ್ಟಿ ಇಳಿಸಿ, ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟರೆ ವಿಸ್ಕಿ. ರುಚಿಯನ್ನು ಬದಲಿಸುವುದು ಐದು ಸಂಗತಿ: ಧಾನ್ಯ, ಹೊಗೆ, ಭಟ್ಟಿ, ಪೀಪಾಯಿ, ಹವೆ. ಈ ಐದನ್ನು ನೆನಪಿಡಿ, ಉಳಿದದ್ದೆಲ್ಲ ಇದರಿಂದಲೇ ಬರುತ್ತದೆ.

ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಮಗುವಿಗೆ ಸರಿ ಮಾಡಲು ರಾಗಿಯನ್ನು ಮೊಳಕೆ ಕಟ್ಟಿಸಿ ಒಣಗಿಸುತ್ತೇವಲ್ಲ, ಕೆಲಸ ಅದೇ. ಸಿಂಗಲ್ ಮಾಲ್ಟ್ ಅಂದರೆ ಒಂದೇ ಡಿಸ್ಟಿಲರಿಯಲ್ಲಿ, ಬರೀ ಮಾಲ್ಟ್ ಬಾರ್ಲಿಯಿಂದ ಮಾಡಿದ್ದು. ಒಂದೇ ಪೀಪಾಯಿಯದ್ದು ಅಂತ ಬಹಳ ಜನ ತಿಳಿದಿದ್ದಾರೆ, ಅದು ತಪ್ಪು. ಒಂದೇ ಡಿಸ್ಟಿಲರಿಯ ಹತ್ತಾರು ಪೀಪಾಯಿ ಬೆರೆಸಿದರೂ ಅದು ಸಿಂಗಲ್ ಮಾಲ್ಟೇ.

ಸ್ಕಾಚ್ ಸ್ಕಾಟ್ಲೆಂಡಿನದು. ಅಲ್ಲಿಯೇ ಕನಿಷ್ಠ 3 ವರ್ಷ, 700 ಲೀಟರಿಗೆ ಮೀರದ ಓಕ್ ಪೀಪಾಯಿಯಲ್ಲಿ ಇರಬೇಕು. ಬಾಟಲಿಗೆ ಹೋಗುವಾಗ ಕನಿಷ್ಠ ಶೇ. 40 ಆಲ್ಕೋಹಾಲ್ ಇರಲೇಬೇಕು. ಮಾಲ್ಟ್ ಜೊತೆಗೆ ಗೋಧಿ, ಮೆಕ್ಕೆಜೋಳದಂಥ ಧಾನ್ಯದ ವಿಸ್ಕಿ ಬೆರೆಸಿದರೆ ಬ್ಲೆಂಡೆಡ್ ಸ್ಕಾಚ್. ನಮ್ಮ ಅಂಗಡಿಗಳಲ್ಲಿ ಕಾಣುವ ಟೀಚರ್ಸ್, ಬ್ಲ್ಯಾಕ್ ಆಂಡ್ ವೈಟ್, ವ್ಯಾಟ್ 69 ಎಲ್ಲ ಇದೇ ಗುಂಪು.

ಐರಿಷ್ ವಿಸ್ಕಿಯನ್ನು ಸಾಮಾನ್ಯವಾಗಿ ಮೂರು ಸಲ ಭಟ್ಟಿ ಇಳಿಸುತ್ತಾರೆ, ಹಾಗಾಗಿ ಹಗುರ, ನಯ. ಜೇಮ್ಸನ್ ಇದಕ್ಕೆ ಸುಲಭವಾಗಿ ಸಿಗುವ ಉದಾಹರಣೆ.

ಬರ್ಬನ್ ಅಮೆರಿಕದ್ದು. ಧಾನ್ಯದಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ. ಒಳಗೆಲ್ಲ ಸುಟ್ಟು ಕರಿ ಮಾಡಿದ ಹೊಸ ಓಕ್ ಪೀಪಾಯಿಯೇ ಆಗಬೇಕು, ಒಮ್ಮೆ ಬಳಸಿದ್ದು ನಡೆಯುವುದಿಲ್ಲ. ಈ ನಿಯಮದಿಂದ ಖಾಲಿಯಾದ ಪೀಪಾಯಿಗಳು ರಾಶಿ ಬೀಳುತ್ತವೆ, ಅವನ್ನು ಸ್ಕಾಟ್ಲೆಂಡ್, ಐರ್ಲೆಂಡ್, ಭಾರತದವರು ಕೊಳ್ಳುತ್ತಾರೆ. ಟೆನೆಸೀ ವಿಸ್ಕಿಯೂ (ಜಾಕ್ ಡೇನಿಯಲ್ಸ್) ಹೆಚ್ಚುಕಡಿಮೆ ಹೀಗೆಯೇ, ಪೀಪಾಯಿಗೆ ಹೋಗುವ ಮೊದಲು ಮೇಪಲ್ ಮರದ ಇದ್ದಿಲಿನಲ್ಲಿ ಸೋಸುತ್ತಾರೆ ಅನ್ನುವುದೊಂದು ಜಾಸ್ತಿ. ಮೆಕ್ಕೆಜೋಳದ ಬದಲು ರೈ ಅನ್ನುವ ಧಾನ್ಯ ಶೇ. 51 ಇದ್ದರೆ ರೈ ವಿಸ್ಕಿ, ಅದು ಖಾರ.

ಇನ್ನು ನಮ್ಮದು. ಬೆಂಗಳೂರಿನ ಅಮೃತ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲಿ! ಸ್ಕಾಚ್ ಊರಿಗೇ ಹೋಗಿ ಮಾರುವ ಧೈರ್ಯ ಮೆಚ್ಚಬೇಕು. ಗೋವಾದ ಪಾಲ್ ಜಾನ್ ಕೂಡ ಒಳ್ಳೆಯ ಮಾಲ್ಟ್. ಇವೆರಡೂ ಬಾರ್ಲಿಯವು. ಆದರೆ ಬಾರಿನಲ್ಲಿ ಕ್ವಾರ್ಟರ್ ಲೆಕ್ಕದಲ್ಲಿ ಹೋಗುವ ಹೆಚ್ಚಿನ ಭಾರತೀಯ ವಿಸ್ಕಿಗಳ ಬುಡ ಬೇರೆ. ಅದು ನ್ಯೂಟ್ರಲ್ ಸ್ಪಿರಿಟ್, ಅಂದರೆ ವಾಸನೆ ರುಚಿ ಏನೂ ಉಳಿಯದಷ್ಟು ಶುದ್ಧ ಮಾಡಿದ ಆಲ್ಕೋಹಾಲ್. ಕಬ್ಬಿನ ಕಾಕಂಬಿಯಿಂದಲೋ ಧಾನ್ಯದಿಂದಲೋ ತೆಗೆದಿರುತ್ತಾರೆ. ಅದಕ್ಕೆ ಸ್ವಲ್ಪ ಮಾಲ್ಟ್ ಸ್ಪಿರಿಟ್ ಅಥವಾ ಸ್ಕಾಚ್ ಬೆರೆಸಿರುತ್ತಾರೆ. ಕೆಟ್ಟದ್ದು ಅಂತಲ್ಲ, ಜಾತಿಯೇ ಬೇರೆ.

ಹಂತ 2: ಲೇಬಲ್ ಓದಿ

"ಪ್ರೀಮಿಯಂ", "ರಿಸರ್ವ್", "ಡಿಲಕ್ಸ್" ಇವೆಲ್ಲ ಅಲಂಕಾರ. ಬಿಟ್ಟುಬಿಡಿ. ನೋಡಬೇಕಾದದ್ದು ಇಷ್ಟು:

"ಬ್ಲೆಂಡೆಡ್ ಸ್ಕಾಚ್ ವಿಸ್ಕಿ" ಅಂತ ಇದೆಯೋ, "ಸ್ಕಾಚ್ ಬೆರೆಸಿದ ವಿಸ್ಕಿ" ಅಂತ ಇದೆಯೋ? ಮೊದಲನೆಯದು ಪೂರ್ತಿ ಸ್ಕಾಚ್. ಎರಡನೆಯದರಲ್ಲಿ ಒಂದು ಪಾಲು ಮಾತ್ರ. ದುಡ್ಡು ಕೊಟ್ಟ ಮೇಲೆ ಗೊತ್ತಾದರೆ ಹೊಟ್ಟೆ ಉರಿಯುತ್ತದೆ.

12 ವರ್ಷ ಅಂತ ಬರೆದಿದ್ದರೆ ಒಳಗಿರುವ ಅತಿ ಎಳೆಯ ವಿಸ್ಕಿಗೆ 12 ವರ್ಷ ಅಂತ ಅರ್ಥ. ಬಾಟಲಿಗೆ ಹೋದ ಮೇಲೆ ವಯಸ್ಸು ಏರುವುದಿಲ್ಲ. ಅಟ್ಟದ ಮೇಲೆ ಇಪ್ಪತ್ತು ವರ್ಷ ಇಟ್ಟ ಬಾಟಲಿ 12ರದ್ದೇ ಆಗಿರುತ್ತದೆ.

ಆಲ್ಕೋಹಾಲ್ ಎಷ್ಟು? ಇಲ್ಲಿನ ಮಾಮೂಲಿ ಬಾಟಲಿಗಳಲ್ಲಿ ಶೇ. 42.8 ಇರುತ್ತದೆ. ಅಮೃತ್ ಫ್ಯೂಷನ್ ಶೇ. 50. ಈ ಸಂಖ್ಯೆ ಮುಂದೆ ಲೆಕ್ಕಕ್ಕೆ ಬೇಕು.

ಬಣ್ಣ ನೋಡಿ ಮೋಸಹೋಗಬೇಡಿ. ಸ್ಕಾಚಿಗೆ ಕ್ಯಾರಮೆಲ್ ಬಣ್ಣ ಹಾಕಲು ಅನುಮತಿ ಇದೆ. ಕಡು ಬಣ್ಣ ಅಂದ ಮಾತ್ರಕ್ಕೆ ಹಳೆಯದು ಅಂತಲ್ಲ.

ಹಂತ 3: ಕೊಳ್ಳುವುದು

ಒಬ್ಬರೇ ನಾಲ್ಕು ಬಾಟಲಿ ತರುವುದು ದಂಡ. ನಾಲ್ಕು ಜನ ಸ್ನೇಹಿತರು ಪಾಲು ಹಾಕಿ, ಒಬ್ಬೊಬ್ಬರು ಒಂದೊಂದು ತನ್ನಿ. ಕ್ವಾರ್ಟರ್ ಅಥವಾ ಹಾಫ್ ಸಿಗುವ ಬ್ರ್ಯಾಂಡ್ ಇದ್ದರೆ ಅದನ್ನೇ ತೆಗೆದುಕೊಳ್ಳಿ. ಶಿವಮೊಗ್ಗ ಪೇಟೆಯಲ್ಲಿ ಸಿಗದ್ದನ್ನು ಬೆಂಗಳೂರಿನಿಂದ ಬರುವವರಿಗೆ ಹೇಳಿ ತರಿಸಿ, ಬಿಲ್ ಇಟ್ಟುಕೊಳ್ಳಲು ಹೇಳಿ.

ಎಚ್ಚರಿಕೆ: "ಮಿಲಿಟರಿ ಮಾಲು", "ಡ್ಯೂಟಿ ಫ್ರೀ ಮಾಲು, ಅರ್ಧ ರೇಟು" ಅಂತ ಬರುವವರ ಹತ್ತಿರ ಕೊಳ್ಳಬೇಡಿ. ಖಾಲಿ ಸ್ಕಾಚ್ ಬಾಟಲಿಗೆ ಏನನ್ನೋ ತುಂಬಿ ಮಾರುವ ದಂಧೆ ಹಳೆಯದು. ಅದರಲ್ಲಿ ಮೆಥನಾಲ್ ಇದ್ದರೆ ಕಣ್ಣು ಹೋಗುತ್ತದೆ, ಜೀವವೂ ಹೋಗಬಹುದು. ಲೈಸೆನ್ಸ್ ಇರುವ ಅಂಗಡಿ, ಮುಚ್ಚಳದ ಮೇಲೆ ಹರಿಯದ ಅಬಕಾರಿ ಲೇಬಲ್, ಇವೆರಡೂ ಇರಲೇಬೇಕು. ಗೋವಾದಲ್ಲಿ ಅಗ್ಗ ಅಂತ ಕಾರಿನ ಡಿಕ್ಕಿ ತುಂಬಿಕೊಂಡು ಬರುವುದೂ ಬೇಡ. ಪರ್ಮಿಟ್ ಇಲ್ಲದೆ ತಂದರೆ ಚೆಕ್‌ಪೋಸ್ಟಿನಲ್ಲಿ ಮಾಲು ಹೋಗುತ್ತದೆ, ಕೇಸೂ ಬೀಳುತ್ತದೆ.

ಕೊಳ್ಳುವುದೇ ಬೇಡ ಅಂದರೆ ಬಾರಿನಲ್ಲಿ ತಲಾ 30 ಎಂಎಲ್ ತರಿಸಿ. ಆದರೆ ಮೊದಲೇ ಬಿಡಿಸಿ ಹೇಳಿ: "ನೀಟ್ ಕೊಡಿ, ಐಸ್ ಬೇಡ, ನೀರು ಬೇರೆ ಇಡಿ." ಇಲ್ಲದಿದ್ದರೆ ಅಭ್ಯಾಸಬಲದಿಂದ ಟೇಬಲ್ಲಿಗೆ ತಂದವರೇ ಸೋಡಾ ಸುರಿದುಬಿಡುತ್ತಾರೆ. ಇನ್ನೂ ಒಂದು ತೊಂದರೆ, ಪಕ್ಕದ ಟೇಬಲ್ಲಿನ ಕಬಾಬ್ ಮತ್ತು ಸಿಗರೇಟ್. ಮೂಗಿನ ಕೆಲಸ ಮನೆಯಲ್ಲೇ ಚೆನ್ನಾಗಿ ಆಗುವುದು.

ಹಂತ 4: ಮೇಜು ಸಿದ್ಧ ಮಾಡಿ

ಗ್ಲಾಸ್ ಕೆಳಗೆ ಅಗಲ, ಬಾಯಿ ಕಿರಿದು ಇರಬೇಕು. ವಾಸನೆ ಒಳಗೇ ನಿಲ್ಲುತ್ತದೆ. ಗ್ಲೆನ್‌ಕೇರ್ನ್ ಅನ್ನುವ ಗ್ಲಾಸನ್ನು ಇದಕ್ಕಾಗಿಯೇ ಮಾಡಿದ್ದಾರೆ, ಆನ್‌ಲೈನಿನಲ್ಲಿ ಸಿಗುತ್ತದೆ. ಚಿಕ್ಕ ವೈನ್ ಗ್ಲಾಸೂ ಆಗುತ್ತದೆ. ಸ್ಟೀಲ್ ಲೋಟ ಬೇಡ. ಎಲ್ಲ ಗ್ಲಾಸೂ ಒಂದೇ ಥರ ಇರಲಿ, ಇಲ್ಲದಿದ್ದರೆ ನೀವು ಹೋಲಿಸುವುದು ಗ್ಲಾಸನ್ನು, ವಿಸ್ಕಿಯನ್ನಲ್ಲ.

ಅಳತೆಗೆ ಕೆಮ್ಮಿನ ಸಿರಪ್ ಜೊತೆ ಬರುವ ಗೆರೆ ಹಾಕಿದ ಮುಚ್ಚಳವೇ ಸಾಕು, ಚೆನ್ನಾಗಿ ತೊಳೆದಿರಬೇಕು ಅಷ್ಟೆ. ಒಂದು ಗ್ಲಾಸಿಗೆ 15 ಎಂಎಲ್. ನಾಲ್ಕು ಗ್ಲಾಸ್ ಅಂದರೆ 60 ಎಂಎಲ್, ಒಂದು ಲಾರ್ಜ್. ಒಂದು ರಾತ್ರಿಗೆ ಅದಕ್ಕಿಂತ ಮೇಲೆ ಹೋಗಬೇಡಿ. ಐದನೆಯ ಗ್ಲಾಸಿನ ಹೊತ್ತಿಗೆ ನಿಮ್ಮ ಅಭಿಪ್ರಾಯಕ್ಕೆ ಬೆಲೆ ಇರುವುದಿಲ್ಲ. ಅಜ್ಜನ ಕಾಲದ ಪೀಕದಾನಿ ಇದ್ದರೆ ತೊಳೆದು ಇಡಿ. ವೃತ್ತಿಯಲ್ಲಿರುವ ರುಚಿಗಾರರು ನುಂಗದೆ ಉಗುಳುತ್ತಾರೆ, ಅದರಲ್ಲಿ ನಾಚಿಕೆ ಏನೂ ಇಲ್ಲ.

ನೀರು ಮುಖ್ಯ. "ಗಂಗಾ ಸ್ನಾನ, ತುಂಗಾ ಪಾನ" ಅಂದವರು ಈ ಪಾನವನ್ನು ನೆನೆಸಿರಲಿಲ್ಲ ಬಿಡಿ. ಆದರೂ ಪೇಟೆಯ ನಲ್ಲಿ ನೀರಿಗೆ ಕ್ಲೋರಿನ್ ವಾಸನೆ ಇದ್ದರೆ ಕುದಿಸಿ, ತೆರೆದಿಟ್ಟು ಆರಿಸಿಕೊಳ್ಳಿ. ಬೋರ್‌ವೆಲ್ಲಿನ ಗಡಸು ನೀರು ಬೇಡ. ಔಷಧಿ ಅಂಗಡಿಯ ಡ್ರಾಪರ್ ಒಂದಿರಲಿ.

ಮಲೆನಾಡಿನವರಿಗೆ ವಿಶೇಷ ಸೂಚನೆ: ಎಲೆಅಡಿಕೆ ಹಾಕಿದ ಬಾಯಲ್ಲಿ ಕೂರಬೇಡಿ. ಸುಣ್ಣ, ಅಡಿಕೆಯ ಒಗರು ಸೇರಿ ನಾಲಿಗೆ ಬಹಳ ಹೊತ್ತು ಮರಗಟ್ಟಿರುತ್ತದೆ. ಕಾಫಿ, ಕಷಾಯ, ಉಪ್ಪಿನಕಾಯಿ ಎಲ್ಲ ಆಮೇಲೆ. ಮಳೆಗಾಲದ ನೆಗಡಿ ಇದ್ದರೆ ಆ ದಿನ ಬಿಟ್ಟುಬಿಡಿ, ಮೂಗಿಲ್ಲದೆ ರುಚಿ ಇಲ್ಲ. ಹೊಟ್ಟೆ ಖಾಲಿ ಇರಬಾರದು. ಎರಡು ಅಕ್ಕಿ ರೊಟ್ಟಿ ತಿಂದು ಕೂತರೆ ಸರಿ, ಮಧ್ಯೆ ಬಾಯಿ ತೊಳೆಯಲೂ ಅದೇ ರೊಟ್ಟಿಯ ಚೂರು ಆಗುತ್ತದೆ.

ಹಂತ 5: ಮೂಗಿಗೆ ನಮ್ಮದೇ ಪಟ್ಟಿ ಮಾಡಿಕೊಳ್ಳಿ

ಎಲ್ಲರೂ ಎಡವುವುದು ಇಲ್ಲೇ. ಬಾಟಲಿಯ ಹಿಂದೆ "ಹೆದರ್ ಹೂವು, ಪ್ಲಮ್ ಪುಡ್ಡಿಂಗ್" ಅಂತ ಬರೆದಿರುತ್ತದೆ. ನಾವು ಹೆದರ್ ಹೂವನ್ನು ನೋಡಿಯೇ ಇಲ್ಲ. ನೋಡದ್ದನ್ನು ಹುಡುಕಿ ಸಿಗದೆ, ನನ್ನ ಮೂಗು ಸರಿಯಿಲ್ಲ ಅಂದುಕೊಳ್ಳುತ್ತೇವೆ. ಮೂಗು ಸರಿಯಾಗೇ ಇದೆ. ಸುಮ್ನೆ ಬೇರೆಯವರ ಅಡುಗೆಮನೆಯ ಪಟ್ಟಿ ಹಿಡಿದು ಕೂತಿದ್ದೇವೆ, ಅಷ್ಟೆ.

ನಿಮ್ಮ ಅಡುಗೆಮನೆಯಿಂದ ಚಿಕ್ಕ ಬಟ್ಟಲುಗಳಲ್ಲಿ ಇವನ್ನು ತಂದಿಡಿ: ಜೇನು, ಜೋನಿ ಬೆಲ್ಲ, ಒಣ ಕೊಬ್ಬರಿ, ಲವಂಗ, ಕಾಳುಮೆಣಸು, ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ಕಳಿತ ಬಾಳೆಹಣ್ಣು, ಕಾಫಿಪುಡಿ. ಗ್ಲಾಸ್ ಮೂಸುವ ಮೊದಲು ಒಂದೊಂದನ್ನೂ ಮೂಸಿ. ಗ್ಲಾಸಿನಲ್ಲಿ ಏನೋ ಗುರುತು ಸಿಕ್ಕಿ ಹೆಸರು ಸಿಗದಿದ್ದಾಗ ಮತ್ತೆ ಬಟ್ಟಲಿಗೆ ಹೋಗಿ.

ಇದು ಕಲ್ಪನೆಯ ಆಟ ಅಲ್ಲ. ಓಕ್ ಮರದಲ್ಲಿರುವ ಲ್ಯಾಕ್ಟೋನ್ ಅನ್ನುವ ಅಂಶ ನಿಜವಾಗಿ ಕೊಬ್ಬರಿಯ ವಾಸನೆ ಕೊಡುತ್ತದೆ, ಬರ್ಬನ್ನಿನಲ್ಲಿ ಇದು ಜೋರು. ಅದೇ ಮರದಿಂದ ವೆನಿಲ್ಲಾ ಬರುತ್ತದೆ. ಲವಂಗದ ವಾಸನೆಗೆ ಕಾರಣವಾದ ಯೂಜಿನಾಲ್ ಕೂಡ ಓಕಿನಲ್ಲಿದೆ. ಬಾಳೆಹಣ್ಣಿನ ವಾಸನೆ ಹುದುಗುವಾಗ ಯೀಸ್ಟ್ ಮಾಡಿದ್ದು, ಜಾಕ್ ಡೇನಿಯಲ್ಸ್ ಮೂಸಿದರೆ ಬೇಗ ಸಿಗುತ್ತದೆ. ಒಣದ್ರಾಕ್ಷಿ ಬಂದರೆ ಶೆರ್ರಿ ಪೀಪಾಯಿ ಇರಬಹುದು ಅಂತ ಊಹಿಸಿ. ಶೆರ್ರಿ ಅಂದರೆ ಸ್ಪೇನಿನ ಒಂದು ಬಗೆಯ ಗಟ್ಟಿ ವೈನ್.

ಹೊಗೆಯ ವಿಷಯದಲ್ಲಂತೂ ನಮಗೆ ಹುಟ್ಟಾ ಅನುಕೂಲ. ಸ್ಕಾಟ್ಲೆಂಡಿನ ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತು ಗಟ್ಟಿಯಾದ ಸಸ್ಯದ ಹೆಂಟೆಗೆ ಪೀಟ್ ಅನ್ನುತ್ತಾರೆ. ಅದನ್ನು ಉರಿಸಿದ ಹೊಗೆಯಲ್ಲಿ ಬಾರ್ಲಿ ಒಣಗಿಸಿದರೆ ವಿಸ್ಕಿಗೆ ಹೊಗೆ ಹತ್ತುತ್ತದೆ. ಪೇಟೆಯವರು ಎಲ್ಲಕ್ಕೂ "ಸ್ಮೋಕಿ" ಅಂತ ಒಂದೇ ಮಾತು ಹೇಳಿ ಮುಗಿಸುತ್ತಾರೆ. ನೀವು ಬಿಡಿಸಿ ಹೇಳಬಲ್ಲಿರಿ: ಬಚ್ಚಲ ಒಲೆಯ ಹಸಿ ಸೌದೆ ಹೊಗೆಯೋ, ಅಡಿಕೆ ಬೇಯಿಸುವ ಹಂಡೆಯ ಬುಡದ ಹೊಗೆಯೋ, ಆರಿದ ಬೂದಿಯೋ, ಟಿಂಚರ್ ಹಚ್ಚಿದ ಗಾಯದ ವಾಸನೆಯೋ? ಕೊನೆಯದು ಬಂದರೆ ಸ್ಕಾಟ್ಲೆಂಡಿನ ಐಲಾ ದ್ವೀಪದ ವಿಸ್ಕಿ ಇರುವ ಸಾಧ್ಯತೆ ಜಾಸ್ತಿ. ಅಲ್ಲಿನ ಲಾಫ್ರೋಯ್ಗ್ ಮೂಸಿದವರು ಆಸ್ಪತ್ರೆ ನೆನಪಾಯಿತು ಅನ್ನುವುದು ಇದಕ್ಕೇ. ಇನ್ನು ಒಗರು. ಓಕಿನ ಟ್ಯಾನಿನ್ ಹಸಿ ಅಡಿಕೆ ಕಚ್ಚಿದಾಗಿನಂತೆ ಒಸಡನ್ನು ಹಿಡಿಯುತ್ತದೆ. ಪೀಪಾಯಿಯಲ್ಲಿ ಜಾಸ್ತಿ ದಿನ ಇದ್ದದ್ದನ್ನು ಹೀಗೇ ಪತ್ತೆ ಮಾಡಬಹುದು.

ಹಂತ 6: ಮೂಸಿ, ಗುಟುಕಿಸಿ, ನೀರು ಹಾಕಿ

ಸುರಿದ ಮೇಲೆ ಗ್ಲಾಸಿಗೆ ಸಾಸರ್ ಮುಚ್ಚಿ ಐದು ನಿಮಿಷ ಬಿಡಿ. ಮೂಸುವಾಗ ಮೂಗನ್ನು ಒಳಗೆ ತುರುಕಬೇಡಿ. ಆಲ್ಕೋಹಾಲ್ ಹೊಡೆದರೆ ಮೂಗು ಮಂಕಾಗುತ್ತದೆ. ಬಾಯಿ ಸ್ವಲ್ಪ ತೆರೆದುಕೊಂಡು, ಗ್ಲಾಸನ್ನು ಗಲ್ಲದ ಹತ್ತಿರದಿಂದ ನಿಧಾನ ಮೇಲೆ ತನ್ನಿ. ಮೊದಲ ಗ್ಲಾಸ್, ಎರಡನೆಯದು, ಮತ್ತೆ ಮೊದಲನೆಯದು. ಹೀಗೆ ಹಿಂದೆ ಮುಂದೆ ಹೋಗುವುದರಲ್ಲೇ ಎಲ್ಲ ಇದೆ.

ಮೊದಲ ಗುಟುಕು ಬಾಯಿಗೆ ಒಗ್ಗಿಸಲಿಕ್ಕೆ, ಅದರ ಮೇಲೆ ತೀರ್ಪು ಕೊಡಬೇಡಿ. ಎರಡನೆಯದನ್ನು ಟೀಚಮಚದ ಅರ್ಧದಷ್ಟು ತೆಗೆದುಕೊಂಡು ನಾಲಿಗೆಯ ಮೇಲೆ ಆಡಿಸಿ. ನುಂಗಿದ ಮೇಲೆ ಮೂಗಿನಿಂದ ಉಸಿರು ಬಿಡಿ. ಎಷ್ಟು ಹೊತ್ತು ರುಚಿ ಉಳಿಯಿತು, ಕೊನೆಗೆ ಏನು ಉಳಿಯಿತು, ಅದಕ್ಕೆ ಫಿನಿಷ್ ಅನ್ನುತ್ತಾರೆ.

ಈಗ ನೀರು. "ನೀರು ಹಾಕಿದರೆ ಅವಮಾನ" ಅನ್ನುವವರ ಮಾತು ಕೇಳಬೇಡಿ. ವಿಸ್ಕಿ ಬೆರೆಸುವ ಪರಿಣತರೇ ಮೂಸುವಾಗ ಶೇ. 20ರ ಹತ್ತಿರಕ್ಕೆ ಇಳಿಸಿಕೊಳ್ಳುತ್ತಾರೆ. ಹೊಗೆ ವಾಸನೆಯ ಗ್ವಾಯಕಾಲ್ ಅನ್ನುವ ಅಂಶ ನೀರು ಸೇರಿದಾಗ ಮೇಲ್ಪದರಕ್ಕೆ ಬರುತ್ತದೆ ಅಂತ ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾಲಯದವರು 2017ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ತೋರಿಸಿದ್ದಾರೆ.

ಹೋಲಿಸುವಾಗ ಆಲ್ಕೋಹಾಲ್ ಸಮ ಮಾಡಿಕೊಳ್ಳಲೇಬೇಕು. ಇಲ್ಲದಿದ್ದರೆ ಜೋರಾಗಿರುವುದೇ ಗೆಲ್ಲುತ್ತದೆ. 15 ಎಂಎಲ್‌ಗೆ ಲೆಕ್ಕ ಹೀಗೆ: ಶೇ. 46 ಇದ್ದದ್ದನ್ನು 40ಕ್ಕೆ ತರಲು ಎರಡು ಕಾಲು ಎಂಎಲ್ ನೀರು. ಶೇ. 50 ಇದ್ದದ್ದಕ್ಕೆ ಮೂರು ಮುಕ್ಕಾಲು ಎಂಎಲ್. 42.8 ಇದ್ದದ್ದಕ್ಕೆ ಒಂದು ಎಂಎಲ್‌ಗಿಂತ ತುಸು ಜಾಸ್ತಿ. ನೀರು ಬಿದ್ದ ಮೇಲೆ ಸ್ವಲ್ಪ ಮಬ್ಬಾದರೆ ಗಾಬರಿ ಬೇಡ, ಕೆಟ್ಟಿಲ್ಲ. ತಣ್ಣಗೆ ಮಾಡಿ ಸೋಸದ ವಿಸ್ಕಿಗಳಲ್ಲಿ ಎಣ್ಣೆಯ ಅಂಶ ಹಾಗೆ ಕಾಣುತ್ತದೆ.

ಐಸ್, ಸೋಡಾ, ಕೋಲಾ? ಹೋಲಿಕೆ ಮುಗಿದ ಮೇಲೆ ನಿಮ್ಮಿಷ್ಟ. ಚಳಿಗೆ ವಾಸನೆ ಮುಚ್ಚಿಹೋಗುತ್ತದೆ, ಅದಕ್ಕೇ ಮೊದಲು ಬೇಡ ಅನ್ನುವುದು.

ಹಂತ 7: ಯಾವುದರ ಪಕ್ಕ ಯಾವುದು

ಮೊದಲ ರಾತ್ರಿ ದೊಡ್ಡ ವ್ಯತ್ಯಾಸದಿಂದ ಶುರು ಮಾಡಿ: ಜೇಮ್ಸನ್, ಟೀಚರ್ಸ್, ಜಿಮ್ ಬೀಮ್ (ಇದು ಬರ್ಬನ್), ನಾಲ್ಕನೆಯದಾಗಿ ನೀವು ಮಾಮೂಲಿ ಕುಡಿಯುವ ಬ್ರ್ಯಾಂಡ್. ಇಲ್ಲಿ ಹಲವು ಸಂಗತಿ ಒಟ್ಟಿಗೆ ಬದಲಾಗುತ್ತವೆ ನಿಜ, ಆದರೆ ಇವೆಲ್ಲ ಬೇರೆ ಬೇರೆ ಅಂತ ಮೂಗಿಗೆ ನಂಬಿಕೆ ಬರಬೇಕಲ್ವಾ? ಟೀಚರ್ಸ್‌ನಲ್ಲಿ ಸಣ್ಣ ಹೊಗೆ ಇದೆ, ಹುಡುಕಿ. ನಾಲ್ಕನೆಯ ಗ್ಲಾಸ್ ಹಲವರಿಗೆ ಬೇಸರ ತರಿಸುತ್ತದೆ, ಮೊದಲೇ ಹೇಳಿದ್ದೇನೆ!

ಆಮೇಲೆ ಒಂದೊಂದೇ ಸಂಗತಿ.

ಹೊಗೆಗೆ: ಅಮೃತ್ ಸಿಂಗಲ್ ಮಾಲ್ಟ್ ಮತ್ತು ಅಮೃತ್ ಪೀಟೆಡ್. ಒಂದೇ ಡಿಸ್ಟಿಲರಿ, ಎರಡೂ ಶೇ. 46. ಮೂರು ಮೆಟ್ಟಿಲು ಬೇಕಾದರೆ ಪಾಲ್ ಜಾನ್‌ನ ಬ್ರಿಲಿಯನ್ಸ್ (ಹೊಗೆ ಇಲ್ಲ), ಎಡಿಟೆಡ್ (ಸ್ವಲ್ಪ), ಬೋಲ್ಡ್ (ಜೋರು), ಮೂರೂ ಶೇ. 46. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಪಾಠ ಸ್ಕಾಚಿನಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ಪೀಪಾಯಿಗೆ: ಗ್ಲೆನ್‌ಮೊರಾಂಜಿ ಅನ್ನುವ ಸ್ಕಾಚ್ ಸಿಂಗಲ್ ಮಾಲ್ಟ್‌ನ ಒರಿಜಿನಲ್ ಮತ್ತು ಲಸಾಂಟಾ. ಮೊದಲನೆಯದು ಬರ್ಬನ್ ಪೀಪಾಯಿಯದು. ಎರಡನೆಯದನ್ನು ಕೊನೆಯಲ್ಲಿ ಶೆರ್ರಿ ಪೀಪಾಯಿಗೆ ಹಾಕಿರುತ್ತಾರೆ.

ಹವೆಗೆ: ಗ್ಲೆನ್‌ಲಿವೆಟ್ 12 ಮತ್ತು ಅಮೃತ್ ಸಿಂಗಲ್ ಮಾಲ್ಟ್, ನೀರು ಹಾಕಿ ಸಮ ಮಾಡಿಕೊಂಡು. ಸ್ಕಾಟ್ಲೆಂಡಿನ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2 ಆವಿಯಾದರೆ ಬೆಂಗಳೂರಿನಲ್ಲಿ ಶೇ. 10ಕ್ಕೂ ಜಾಸ್ತಿ ಹೋಗುತ್ತದೆ. ಆ ಬಿಸಿಲಿಗೆ ಮರದ ಸಾರ ಬೇಗ ಇಳಿಯುತ್ತದೆ. ನಾಲ್ಕೈದು ವರ್ಷದ ನಮ್ಮ ಮಾಲ್ಟ್ 12ರ ಸ್ಕಾಚಿನ ಪಕ್ಕ ಎಳಸು ಅನ್ನಿಸದೇ ಇರುವುದು ಅದಕ್ಕೇ.

ಯಾವ ಜೋಡಿಯಾದರೂ ಹಗುರದ್ದು ಮೊದಲು, ಹೊಗೆಯದು ಕೊನೆಗೆ. ಹೊಗೆ ಮೊದಲು ಬಂದರೆ ಆ ರಾತ್ರಿ ಉಳಿದದ್ದೆಲ್ಲ ಅದೇ ವಾಸನೆ.

ಹಂತ 8: ಹೆಸರು ಮುಚ್ಚಿಟ್ಟು ನೋಡಿ

ಬೆಲೆ, ಬ್ರ್ಯಾಂಡ್ ಗೊತ್ತಿದ್ದರೆ ನಾಲಿಗೆ ಸುಳ್ಳು ಹೇಳುತ್ತದೆ. ಒಬ್ಬರು ಒಳಗೆ ಹೋಗಿ ಮೂರು ಗ್ಲಾಸ್ ಸುರಿದು, ತಳಕ್ಕೆ ಚೀಟಿ ಅಂಟಿಸಿ ತರಲಿ. ಎರಡರಲ್ಲಿ ಒಂದೇ ವಿಸ್ಕಿ, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದು ಅಂತ ಹೇಳಬೇಕು. ತಲಾ 5 ಎಂಎಲ್ ಸಾಕು. ಸುಮ್ನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ಒಂದೇ ಸಲಕ್ಕೆ ಬೀಗಬೇಡಿ. ಮೂರು ಸಲವೂ ಸರಿ ಹೇಳಿದರೆ ಅದು ಅದೃಷ್ಟವಾಗಿರಲು 27ರಲ್ಲಿ 1 ಮಾತ್ರ ಅವಕಾಶ. ಬಣ್ಣ ಕಾಣದಿರಲಿ ಅಂತ ದೀಪ ಸಣ್ಣ ಮಾಡಿಕೊಳ್ಳಿ. ಆಷಾಢದಲ್ಲಿ ಆ ಕೆಲಸ ಕರೆಂಟಿನವರೇ ಮಾಡಿಕೊಡುತ್ತಾರೆ.

ಪ್ರತಿ ಗ್ಲಾಸಿಗೂ ಮೂರೇ ಸಾಲು ಬರೆಯಿರಿ: ಮೂಗು, ಬಾಯಿ, ಕೊನೆ. ಬೇರೆಯವರು ಬರೆಯುವವರೆಗೆ ಬಾಯಿ ಬಿಡಬೇಡಿ. ಒಬ್ಬರು "ಬಾಳೆಹಣ್ಣು" ಅಂದರೆ ಸಾಕು, ಎಲ್ಲರಿಗೂ ಬಾಳೆಹಣ್ಣೇ ಸಿಗುತ್ತದೆ. ಹತ್ತಕ್ಕೆ ಎಷ್ಟು ಅಂತ ಅಂಕ ಹಾಕುವುದು ನನಗೆ ಹಿಡಿಸುವುದಿಲ್ಲ. ಇದರಲ್ಲಿ ಏನಿದೆ, ಪಕ್ಕದ್ದರಲ್ಲಿ ಏನಿಲ್ಲ, ಅಷ್ಟು ಬರೆದರೆ ಮುಂದಿನ ಬಾಟಲಿ ಕೊಳ್ಳುವಾಗ ಉಪಯೋಗಕ್ಕೆ ಬರುತ್ತದೆ.

ಹಂತ 9: ಮುಗಿದ ಮೇಲೆ

ಬಂದವರು ಅಲ್ಲೇ ಮಲಗಲಿ, ಅಥವಾ ಕುಡಿಯದ ಒಬ್ಬರು ಕಾರು ಓಡಿಸಲಿ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು, ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಜೈಲು, ಇಲ್ಲವೇ ಎರಡೂ. ಮಂಜು ಕವಿದ ಹುಲಿಕಲ್, ಆಗುಂಬೆ ತಿರುವುಗಳಿಗೆ ಆ ಲೆಕ್ಕವೂ ಬೇಕಾಗಿಲ್ಲ, ಒಂದು ಪೆಗ್ಗೂ ಜಾಸ್ತಿಯೇ.

ಉಳಿದ ಬಾಟಲಿಯನ್ನು ನಿಲ್ಲಿಸಿಡಿ. ವೈನಿನಂತೆ ಮಲಗಿಸಿದರೆ ಆಲ್ಕೋಹಾಲ್ ಕಾರ್ಕನ್ನು ತಿನ್ನುತ್ತದೆ. ಬಿಸಿಲು ಬೀಳದ ಕಪಾಟು ಸಾಕು, ಫ್ರಿಜ್ ಬೇಡ. ಮಳೆಗಾಲದಲ್ಲಿ ಲೇಬಲ್ಲಿಗೆ ಬೂಸ್ಟು ಹಿಡಿದರೆ ಒಣ ಬಟ್ಟೆಯಲ್ಲಿ ಒರೆಸಿ, ಒಳಗಿನದಕ್ಕೆ ಏನೂ ಆಗುವುದಿಲ್ಲ. ಕಾಲು ಭಾಗಕ್ಕಿಂತ ಕಡಿಮೆ ಉಳಿದರೆ ಗಾಳಿ ಸೇರಿ ತಿಂಗಳುಗಳಲ್ಲಿ ಸಪ್ಪೆಯಾಗುತ್ತದೆ. ಚಿಕ್ಕ ಗಾಜಿನ ಸೀಸೆಗೆ ತುಂಬ ಸುರಿದು, ಹೆಸರು ಮತ್ತು ತಾರೀಕು ಬರೆದ ಚೀಟಿ ಅಂಟಿಸಿಡಿ. ಮುಂದಿನ ಸಲದ ಜೋಡಿಗೆ ಒಂದು ಗ್ಲಾಸ್ ಅಲ್ಲೇ ಸಿಕ್ಕಿತು.